ಕಲ್ಲಿನ ಸದ್ದು ಕೇಳುತ್ತಿದ್ದ ಈರಮ್ಮ ಮೇಡಂ

ಮೈಮೇಲಿನ ಹೊಳೆಯುವುದನ್ನೆಲ್ಲ ಬಿಚ್ಚಿಟ್ಟ ಮೇಲೇ ಈರಮ್ಮ ಮೇಡಂ ಕೆಲಸಕ್ಕೆ ಇಳಿಯುತ್ತಿದ್ದರು. ಓಲೆ, ಮೂಗುಬೊಟ್ಟು, ವಾಚು, ತೆಳ್ಳನೆಯ ಬಳೆ, ಎಲ್ಲವೂ ಲೇಸರ್ ಕೋಣೆಯ ಹೊರಗಿನ ಸ್ಟೂಲಿನ ಮೇಲಿದ್ದ ಸ್ಟೀಲ್ ಡಬ್ಬಿಗೆ ಬೀಳಬೇಕು. ಆಮೇಲೆ ಚಪ್ಪಲಿ ಬಿಟ್ಟು, ಕೂದಲನ್ನು ಟೋಪಿಯೊಳಗೆ ತುರುಕಿ, ಹಸಿರು ಗಾಜಿನ ದಪ್ಪ ಕನ್ನಡಕ ಏರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಧ್ಯಾಹ್ನ ನಾನು ಹೋಗಿ ಬಡಿಯುವ ತನಕ ಅವರಿಗೆ ಹೊರಗಿನ ಪರಿವೆಯೇ ಇರುತ್ತಿರಲಿಲ್ಲ. ಲೇಸರಿನ ಬೆಳಕು ಓಲೆಗೋ ಬಳೆಗೋ ತಾಗಿ ತಿರುಗಿ ಯಾರ ಕಣ್ಣಿಗಾದರೂ ಬಿದ್ದರೆ ಕಣ್ಣು ಹೋದಂತೆಯೇ ಎಂದು ಎಲ್ಲರಿಗೂ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಸಂಜೆ ಹೊರಬಂದ ಮೇಲೆ ಡಬ್ಬಿಯ ನೆನಪು ಅವರಿಗೆ ಬರುತ್ತಿದ್ದುದೇ ಅಪರೂಪ. ಕಿವಿ, ಮೂಗು, ಕೈ ಎಲ್ಲ ಬರಿದು ಮಾಡಿಕೊಂಡೇ ಕ್ವಾರ್ಟರ್ಸಿಗೆ ನಡೆದುಬಿಡುತ್ತಿದ್ದರು. ಹಾಗಾಗಿ ಬೆನ್ನ ಹಿಂದೆ ಅವರಿಗೆ ಬೋಳುಗೈ ಮೇಡಂ ಎಂದು ಹೆಸರು ಬಿದ್ದಿತ್ತು. ಆ ಹೆಸರಿಟ್ಟ ಅಕೌಂಟ್ಸ್ ವಿಭಾಗದ ಹೆಂಗಸಿನ ಜೊತೆ ನಾನು ಕ್ಯಾಂಟೀನಿನಲ್ಲಿ ಎಲ್ಲರೆದುರು ಜಗಳ ಆಡಿದ್ದೇನೆ, ಅದರ ಬಗ್ಗೆ ನನಗೆ ಇವತ್ತಿಗೂ ಸಂತೋಷವೇ ಇದೆ.

ನಾನು ಹೊಳಲ್ಕೆರೆಯವಳು. ಚಿತ್ರದುರ್ಗದ ಆಚೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ ನಮ್ಮ ಸಂಶೋಧನಾ ಕೇಂದ್ರ. ನನ್ನದು ಭೂವಿಜ್ಞಾನ ವಿಭಾಗ. ಹಿರಿಯೂರು, ಹೊಸದುರ್ಗ ಅಂತ ಸುತ್ತಿ ಕಲ್ಲು ತಂದು, ಕೊಯ್ದು, ಕನ್ನಡಿಯ ಹಾಗೆ ನಯ ಮಾಡಿ ಮೇಡಂ ಕೈಗೆ ಕೊಡುವುದು ನನ್ನ ಕೆಲಸ. ಅದನ್ನು ಅವರು ಲೇಸರಿನಿಂದ ಹಾಳು ಮಾಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ, ಯಾವ ಖನಿಜ ಎಷ್ಟು ಪೆಟ್ಟಿಗೆ ಹಾಳಾಗುತ್ತದೆ ಎಂದು ತಿಳಿಯುವುದೇ ಅವರ ಸಂಶೋಧನೆ. ವಾರಗಟ್ಟಲೆ ಉಜ್ಜಿ ನಯ ಮಾಡಿದ ಬಿಳಿಗಲ್ಲಿನ ಮೇಲೆ ಒಂದೇ ಬೆಳಗಿನಲ್ಲಿ ಸೂಜಿಮೊನೆಯಂಥ ತೂತುಗಳ ಸಾಲು ಮಾಡಿ ತಂದಿಟ್ಟರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರು ಮಾತ್ರ ಆ ತೂತುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಎಷ್ಟು ಚೆಂದ ಬಂದಿದೆ ನೋಡು ಎನ್ನುತ್ತಿದ್ದರು.

ಆ ಲೇಸರಿನ ಬೆಳಕು ಉರಿಯುತ್ತ ನಿಲ್ಲುವ ಬೆಳಕಲ್ಲ. ಒಂದೊಂದೇ ಮಿಡಿತವಾಗಿ ಬರುತ್ತದೆ, ಒಂದು ಮಿಡಿತ ಎಷ್ಟು ಕ್ಷಣಿಕ ಎಂದರೆ ಅದಕ್ಕೆ ಹೋಲಿಸಿದರೆ ನಮ್ಮ ಕಣ್ಣು ಮಿಟುಕಿಸುವುದು ಒಂದು ಯುಗ. ನಾನು ಮೊದಮೊದಲು ತಲೆ ಕೆರೆದುಕೊಂಡಾಗ ಮೇಡಂ ನನ್ನ ಊಟದ ಡಬ್ಬಿಯ ರೊಟ್ಟಿ ತೋರಿಸಿ ವಿವರಿಸಿದರು. ಕಾದ ಹೆಂಚನ್ನು ಬೆರಳ ತುದಿಯಿಂದ ಚಕ್ಕನೆ ಮುಟ್ಟಿ ತೆಗೆದರೆ ಸುಡುವುದಿಲ್ಲ, ಬಿಸಿ ಒಳಗೆ ಇಳಿಯಲು ಸಮಯವೇ ಸಿಗುವುದಿಲ್ಲ. ಇಲ್ಲೂ ಹಾಗೆಯೇ. ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಮೇಲಿನ ಒಂದು ಪದರ ಆವಿಯಾಗಿ ಹಾರಿಹೋಗುತ್ತದೆ, ಕೆಳಗಿನ ಕಲ್ಲು ತಣ್ಣಗೇ ಇರುತ್ತದೆ. "ಕಲ್ಲಿಗೆ ಗೊತ್ತಾಗೋದ್ರೊಳಗೆ ಕೆಲ್ಸ ಮುಗ್ದಿರ್ತೈತೆ ಕಣೇ" ಎಂದಿದ್ದರು. ಪ್ರತಿ ಖನಿಜಕ್ಕೂ ಒಂದು ಮಿತಿ. ಅದರ ಕೆಳಗೆ ಹೊಡೆದರೆ ಏನೂ ಆಗದು, ಮೇಲೆ ಹೊಡೆದರೆ ಪದರ ಎದ್ದು ಹೋಗುತ್ತದೆ. ಆ ಮಿತಿಯನ್ನು ಅವರು ಯಂತ್ರದಲ್ಲಿ ಅಳೆಯುವುದಕ್ಕೆ ಮೊದಲು ಕಿವಿಯಲ್ಲಿ ಹಿಡಿಯುತ್ತಿದ್ದರು. ಪದರ ಏಳುವಾಗ ಟಿಕ್ ಎಂದು ಸಣ್ಣ ಸದ್ದು. ಮಿಡಿತಗಳನ್ನು ಬೇಗಬೇಗ ಬಿಟ್ಟರೆ ಸೊಳ್ಳೆ ಕಿವಿಯ ಹತ್ತಿರ ಬಂದಂತೆ ಗುಂಯ್ಯೆನ್ನುವುದು. ಕತ್ತಲಲ್ಲಿ ಕತ್ತು ವಾಲಿಸಿ ಆ ಸದ್ದಿಗೆ ಕಿವಿಗೊಟ್ಟು ಕೂತ ಮೇಡಂ ಈಗಲೂ ನನ್ನ ಕಣ್ಣ ಮುಂದೆ ಇದ್ದಾರೆ. ದಿನವಿಡೀ ಅವರ ಜೊತೆ ಮಾತಾಡುತ್ತಿದ್ದುದು ಆ ಸದ್ದು ಒಂದೇ.

ಅವರದು ಇನ್ನೊಂದು ಅಭ್ಯಾಸ. ಕರೆಯದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಟೀ ಕುಡಿಯುವ ಕೋಣೆಯ ಬಾಗಿಲಿಗೆ ಬಂದು ನಿಂತವರು, ಯಾರಾದರೂ ಬನ್ನಿ ಮೇಡಂ ಎನ್ನುವ ತನಕ ಹೊಸ್ತಿಲು ದಾಟುತ್ತಿರಲಿಲ್ಲ. ಎಲ್ಲರೂ ಮಾತಿನಲ್ಲಿ ಮುಳುಗಿ ನೋಡದೆ ಹೋದರೆ ಹಾಗೇ ವಾಪಸ್. ಜನ ಅದನ್ನು ಸೊಕ್ಕು ಅಂದುಕೊಂಡರು. ನನಗೂ ಸಿಟ್ಟು ಬರುತ್ತಿತ್ತು. ನನ್ನ ಡಬ್ಬಿಯಿಂದ ಒಂದು ತುತ್ತು ತಿನ್ನಿಸಬೇಕಾದರೂ ಎರಡೆರಡು ಸಲ ಕರೆಯಬೇಕಿತ್ತು, ಮೂರನೇ ಸಲಕ್ಕೆ ಕೈ ಚಾಚುತ್ತಿದ್ದರು. ಇದೇನು ಮದುವೆ ಮನೆಯಾ ಮೇಡಂ, ಅಕ್ಷತೆ ಕೊಟ್ಟು ಕರೆಯಬೇಕಾ ಎಂದು ಒಮ್ಮೆ ರೇಗಿಯೇಬಿಟ್ಟೆ. ಅವರು ನಕ್ಕರು. ನಗು ಮುಗಿದ ಮೇಲೆ ತಮ್ಮ ಊರಿನ ವಿಷಯ ಹೇಳಿದರು.

ಮತ್ತೋಡು ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿದರು. ತಾಯಿಯ ತಮ್ಮನಿಗೇ ಅವರನ್ನು ಕೊಡುವುದೆಂದು ಚಿಕ್ಕಂದಿನಿಂದ ಮಾತಾಗಿತ್ತು. ಓದು ಮುಂದುವರಿಸುತ್ತೇನೆ, ಮಾವನನ್ನು ಮದುವೆಯಾಗಲಾರೆ ಎಂದು ಹೇಳಿ, ವೀಳ್ಯ ಹಂಚಿದ ಮೇಲೆ ಮನೆ ಬಿಟ್ಟು ಬಂದರು. ಮಾವ, ಮೇಡಂ ಜೊತೆ ಕುರಿ ಕಾಯುತ್ತಿದ್ದ ಗೆಳತಿ ಗೌರಿಯನ್ನು ಮದುವೆಯಾದ. ಮೇಡಂ ಎಲ್ಲೆಲ್ಲೋ ಓದಿ, ಪರದೇಶದ ಪ್ರಯೋಗಾಲಯದಲ್ಲೂ ಇದ್ದು, ಬೇಕೆಂತಲೇ ಈ ಊರಿನ ಕೆಲಸ ಕೇಳಿ ಬಂದಿದ್ದರು, ಹಟ್ಟಿ ಹತ್ತಿರವಾಗುತ್ತದೆ ಎಂದು. ಅಪ್ಪ ಅವ್ವ ತೀರಿಹೋಗಿದ್ದರು, ಉಳಿದ ಮನೆ ಎಂದರೆ ಮಾವನದೇ. ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹಟ್ಟಿ. ಬಂದು ಎಷ್ಟೋ ವರ್ಷವಾದರೂ ಅವರು ಹೋಗಿರಲಿಲ್ಲ. "ಬಿಟ್ಟು ಬಂದೋಳು ನಾನು. ಕರೀಬೇಕಾದೋರು ಅವ್ರು. ಒಂದ್ಸಲ ಬಾರೇ ಉಣ್ಣಾಕೆ ಅಂತ ಕರುದ್ರೆ ಸಾಕು, ಓಡಿ ಹೋಗ್ತೀನಿ" ಎಂದರು. ಇಷ್ಟು ಓದಿದ ಹೆಂಗಸು ಒಂದು ಊಟದ ಕರೆಗೆ ಕಾದು ಕೂತಿದ್ದಾಳಲ್ಲ ಎಂದುಕೊಂಡು ಡಬ್ಬಿಯಲ್ಲಿ ಉಳಿದ ರೊಟ್ಟಿಯನ್ನು ಅವರತ್ತ ಸರಿಸಿದೆ.

ಅಂಥದ್ದರಲ್ಲಿ ಆ ಮಾವನೇ ಒಂದು ದಿನ ನಮ್ಮ ಗೇಟಿನ ಮುಂದೆ ಲಗೇಜ್ ಆಟೊ ನಿಲ್ಲಿಸಿದ. ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಕರಿಕಂಬಳಿ. ಆಟೊದೊಳಗೆ ಹುಲ್ಲಿನ ಮೆತ್ತೆಯ ಮೇಲೆ ಹಟ್ಟಮ್ಮ ಮಲಗಿದ್ದಳು.

ಹಟ್ಟಮ್ಮ ಎಂದರೆ ಆ ಹಟ್ಟಿಯ ದೇವತೆ, ಬಳಪದ ಕಲ್ಲಿನಲ್ಲಿ ಕಡೆದ ಮಗುವಿನೆತ್ತರದ ಮೂರ್ತಿ. ಹಿಂದೆ ಯಾವಾಗಲೋ ಮಂದೆಗೆ ಬಿದ್ದ ಕಿರುಬನ ಜೊತೆ ಬರಿಗೈಯಲ್ಲಿ ಹೋರಾಡಿ ಸತ್ತ ಹೆಣ್ಣುಮಗಳಂತೆ. ಕೈಯಲ್ಲಿ ಕಬ್ಬಿಣ ಇಲ್ಲದೆ ಕಾದಿದವಳು ಎಂದು ಅವಳ ಕಲ್ಲಿಗೆ ಕಬ್ಬಿಣ ತಾಗಿಸುವಂತಿಲ್ಲ. ಊರಿನ ಉತ್ಸಾಹಿಗಳು ಅವಳಿಗೆ ಡಬ್ಬಿಗಟ್ಟಲೆ ಎನಾಮಲ್ ಪೇಂಟು ಬಳಿದುಬಿಟ್ಟಿದ್ದರು. ಅದರ ಕೆಳಗೆ ತಲೆಮಾರುಗಳ ಎಣ್ಣೆ, ದೀಪದ ಮಸಿ. ಕಣ್ಣು ಮೂಗು ಎಲ್ಲ ಮುಚ್ಚಿಹೋಗಿ ಮುಖವೇ ಇಲ್ಲವಾಗಿತ್ತು. ಕೆರೆಯಲು ಉಳಿ ತಾಗಿಸುವಂತಿಲ್ಲ, ತಂತಿ ಬ್ರಷ್ಷೂ ಕಬ್ಬಿಣವೇ. ಮುಟ್ಟದೆಯೇ ಬರೀ ಬೆಳಕಿನಿಂದ ಸಿಪ್ಪೆ ತೆಗೆಯುವ ಯಂತ್ರ ಇಲ್ಲಿದೆ ಎಂದು ಯಾರೋ ಹೇಳಿದ್ದರಿಂದ, ಅದನ್ನು ನಡೆಸುವವರು ಯಾರು ಎಂದು ಗೊತ್ತಿದ್ದೂ, ಪೂಜಾರಿಯಾದ ಆ ಮಾವ ಬಂದಿದ್ದ.

ನಾನು ಹೋಗಿ ಬಾಗಿಲು ಬಡಿದು ಹೇಳಿದ್ದೇ ತಡ, ಮೇಡಂ ಟೋಪಿ ಕನ್ನಡಕ ಸಮೇತ ಗೇಟಿಗೆ ಓಡಿ ಬಂದರು. ಆತ ಎರಡೂ ಕೈ ಜೋಡಿಸಿದ. "ನಮಸ್ಕಾರ ಮೇಡಮ್ಮಾರೆ. ನಮ್ಮ ತಾಯಿ ಮುಖ ಕಾಣಂಗೆ ಮಾಡಿಕೊಡ್ರಿ" ಎಂದ. ಸ್ವಂತ ಅಕ್ಕನ ಮಗಳಿಗೆ! ಮೇಡಂ ಮುಖ ಸಪ್ಪಗಾಯಿತು. ನನಗೆ ಆತನ ರುಮಾಲು ಕಿತ್ತು ಎಸೆಯಬೇಕು ಅನ್ನಿಸಿತು.

ಒಳಗೆ ಕಲ್ಲನ್ನು ಇಡುವ ಪೀಠ ಲೋಹದ್ದು. ಅದು ಕಬ್ಬಿಣವಲ್ಲ, ಅಲ್ಯೂಮಿನಿಯಂ ಎಂದು ಮೇಡಂ ಎಷ್ಟು ಹೇಳಿದರೂ ಆತ ಒಪ್ಪಲಿಲ್ಲ. ತಾಯಿ ಕಂಬಳಿ ಗದ್ದುಗೆಯ ಮೇಲೇ ಕೂರಬೇಕು ಎಂದ. ಧೂಳಿನ ಒಂದು ಕಣ ಕನ್ನಡಿಯ ಮೇಲೆ ಕೂತರೆ ಲೇಸರ್ ಬಿದ್ದು ಕನ್ನಡಿಯೇ ಸುಟ್ಟುಹೋಗುತ್ತದೆ ಎಂದು, ಆಯುಧಪೂಜೆಯ ದಿನ ಡೈರೆಕ್ಟರು ತಂದ ಚೆಂಡುಹೂವಿನ ಹಾರವನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದ ಮೇಡಂ, ಆ ನೂಲು ಉದುರುವ ಕುರಿಕಂಬಳಿಯನ್ನು ತಾವೇ ಬಿಸಿಲಿಗೆ ಹಾಕಿ, ಕೊಡವಿ, ಅಂಚನ್ನೆಲ್ಲ ಟೇಪಿನಿಂದ ಮುಚ್ಚಿ, ಒಳಗೆ ಹಾಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಏನೂ ಅನ್ನಬೇಡ ಎಂಬಂತೆ ನನ್ನತ್ತ ಒಮ್ಮೆ ಕಣ್ಣು ಹಾಯಿಸಿದರು.

ಕೆಲಸ ಬಹಳ ನಿಧಾನ. ಎರಡು ಬೆರಳಗಲದ ಪೇಂಟು ಏಳಿಸಲು ಒಂದು ಬೆಳಗ್ಗೆ ಬೇಕು. ಮೊದಲು ಬೆನ್ನಿನ ಮೂಲೆಯಲ್ಲಿ ಪರೀಕ್ಷೆ ಮಾಡಿ, ಪೇಂಟು ಮಸಿ ಏಳುವ ಆದರೆ ಬಳಪದ ಕಲ್ಲಿಗೆ ತಾಗದ ಹದ ಕಂಡುಕೊಂಡರು. ಆಮೇಲೆ ಮುಖ. ಮಾವ ದಿನವೂ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ, ಚಿತ್ರದುರ್ಗದಲ್ಲಿ ಯಾರೋ ನೆಂಟರ ಮನೆಯಲ್ಲಿ ಮಲಗಿ ಬರುತ್ತಿದ್ದ. ಮೇಡಂ ಕ್ವಾರ್ಟರ್ಸಿಗೆ ಬನ್ನಿ ಎಂದರೆ, ನಿಮಗ್ಯಾಕೆ ತೊಂದರೆ ಎನ್ನುತ್ತಿದ್ದ. ವಾರ ಕಳೆಯುವುದರೊಳಗೆ ಹಟ್ಟಮ್ಮನ ಹಣೆ ಬಂತು, ಬಲಗಣ್ಣು ಬಂತು, ಮೂಗು ಬಂತು. ತಿಳಿಹಸಿರು ಛಾಯೆಯ ಕಲ್ಲು, ರೆಪ್ಪೆಯ ಗೆರೆ ಸಹ ಹಾಗೇ ಇತ್ತು. ಆ ದಿನ ಮೇಡಂ ನನ್ನ ಡಬ್ಬಿಗೆ ಕರೆಯದೆಯೇ ಕೈ ಹಾಕಿ ರೊಟ್ಟಿ ಮುರಿದುಕೊಂಡರು. ಮುಖ ಪೂರ್ತಿ ತೆರೆದರೆ ಮಾವ ಕರೆದೇ ಕರೆಯುತ್ತಾನೆ, ದೇವರನ್ನು ಊರಿಗೆ ಕೊಟ್ಟವಳನ್ನು ಕರೆಯದೆ ಇರುತ್ತಾರಾ ಎಂದು ಮಗುವಿನ ಹಾಗೆ ಹೇಳಿಕೊಂಡರು.

ಮಾರನೆಯ ದಿನ ಎಡಗೆನ್ನೆಗೆ ಬೆಳಕು ಬಿದ್ದದ್ದೇ ಕೆನ್ನೆ ಕಪ್ಪಾಯಿತು.

ಮೇಡಂ ತಕ್ಷಣ ಯಂತ್ರ ನಿಲ್ಲಿಸಿದರು. ಸೂಕ್ಷ್ಮದರ್ಶಕದಲ್ಲಿ ಪೇಂಟಿನ ಬಿರುಕುಗಳೊಳಗೆ ಕೇಸರಿಗೆಂಪಿನ ಪುಡಿ ಕಂಡಿತು. ಸಿಂಧೂರ. ಸೀಸದ ಬಣ್ಣ ಅದು, ಈ ಬೆಳಕು ತಾಗಿದರೆ ಹಾರಿಹೋಗುವ ಬದಲು ಕಪ್ಪುಗಟ್ಟುತ್ತದೆ. ಹೊರಗೆ ಬಂದು ಮಾವನನ್ನು ಕೇಳಿದಾಗ ಗೊತ್ತಾಯಿತು. ಹಟ್ಟಿ ಬಿಡುವ ಹಿಂದಿನ ದಿನ ಊರವರೆಲ್ಲ ಸೇರಿ ಹೊಸದುರ್ಗದ ಗ್ರಂಥಿಗೆ ಅಂಗಡಿಯಿಂದ ಸಿಂಧೂರ ತರಿಸಿ, ಎಣ್ಣೆಯಲ್ಲಿ ಕಲಸಿ, ಹಟ್ಟಮ್ಮನ ಎಡಗೆನ್ನೆಗೆ ತೀಡಿದ್ದರು. ಆಮೇಲೆ ಮೇಡಂ ಬೈದಾರೆಂದು ಹೆದರಿ ಒರೆಸಿದ್ದರು. ಒಳಗೆ ಇಳಿದದ್ದು ಇಳಿದಿತ್ತು. "ಊರು ಬಿಟ್ಟು ಹೋಗೋ ಹೆಣ್ಣುಮಗಳನ್ನ ಬರೇ ಮುಖದಾಗೆ ಕಳಿಸ್ತಾರೇನ್ರಿ" ಎಂದ ಆತ. ಅದು ಆತನಿಗೆ ತಪ್ಪೆಂದು ಅನಿಸಿರಲೇ ಇಲ್ಲ. ಮೇಡಂ ಬಹಳ ಹೊತ್ತು ಆತನನ್ನೇ ನೋಡಿದರು. ಅವರನ್ನು ಯಾರೂ ಹಾಗೆ ಕಳಿಸಿರಲಿಲ್ಲ.

ಆ ಕಪ್ಪನ್ನೂ ತೆಗೀರಿ, ಇನ್ನೊಂದಿಷ್ಟು ಜೋರಾಗಿ ಹೊಡೀರಿ ಎಂದು ಮಾವ ಪಟ್ಟು ಹಿಡಿದ. ಹೊಡೆಯಬಹುದಿತ್ತು. ಕಪ್ಪು ಹೋಗುತ್ತಿತ್ತು, ಅದರ ಜೊತೆ ಕೆನ್ನೆಯ ಕಲ್ಲೂ ಹೋಗುತ್ತಿತ್ತು. ಕಮ್ಮಿ ಬಲದಲ್ಲೇ ಮತ್ತೆ ಮತ್ತೆ ಹೊಡೆದರೆ ಆಗದೇ ಎಂದು ನಾನು ಕೇಳಿದೆ. ನನಗೆ ಆಗ ಕಲ್ಲಿಗಿಂತ ಮೇಡಂ ಮುಖ್ಯವಾಗಿದ್ದರು, ಹೇಗಾದರೂ ಈ ಮನುಷ್ಯ ಒಮ್ಮೆ ಕರೆದರೆ ಸಾಕಾಗಿತ್ತು. ಅವರು ತಲೆ ಆಡಿಸಿದರು. "ಒಂದೊಂದು ಏಟಿಗೂ ಏನೂ ಆಗಿಲ್ಲ ಅಂತ ಕಾಣ್ತೈತೆ. ಆದ್ರೆ ಒಳಗೆ ಒಂದೊಂದು ಎಳೆ ಸಡಿಲ ಆಗ್ತಾ ಇರ್ತೈತೆ. ಒಂದಿನ ಅದೇ ಕಮ್ಮಿ ಏಟಿಗೆ ಪೂರ್ತಿ ಬಿಟ್ಕಂಡು ಬರ್ತೈತೆ. ನಾನು ಇಪ್ಪತ್ತು ವರ್ಷದಿಂದ ನೋಡಿರೋದು ಅದನ್ನೇ ವಿಮಲಾ" ಎಂದು ಹೇಳಿ ಮಾವನ ಕಡೆ ತಿರುಗಿ, ಆಗುವುದಿಲ್ಲ ಎಂದರು. ಆತ ರುಮಾಲು ಕೊಡವಿ ಎದ್ದ. ನಿಮ್ಮ ಇಷ್ಟ ಮೇಡಮ್ಮಾರೆ ಎಂದಷ್ಟೇ ಹೇಳಿದ. ಉಳಿದ ಮುಖವನ್ನೆಲ್ಲ ಮುಗಿಸಿ, ಎಡಗೆನ್ನೆಯ ಕಪ್ಪನ್ನು ಹಾಗೇ ಬಿಟ್ಟು ಹಟ್ಟಮ್ಮನನ್ನು ಕಂಬಳಿಯಲ್ಲಿ ಸುತ್ತಿದೆವು.

ಅವಳನ್ನು ಊರಿಗೆ ಮುಟ್ಟಿಸಲು ಮೇಡಂ ಹೊರಟರು, ಜೊತೆಗೆ ನಾನು. ಅಂದು ಅವರು ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಓಲೆ, ಮೂಗುಬೊಟ್ಟು ಹಾಕಿ, ಎರಡೂ ಕೈಗೆ ಗಾಜಿನ ಬಳೆ ತೊಟ್ಟಿದ್ದರು. ಆಟೊದ ಹಿಂದೆ ನಮ್ಮ ಕಾರು. ಹೊಸದುರ್ಗ ದಾಟುವ ತನಕ ಮಾತಾಡಿದವರು ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಕೂತರು.

ಹಟ್ಟಿಯಲ್ಲಿ ಡೊಳ್ಳು ಬಡಿಯುತ್ತಿದ್ದರು. ಹೆಂಗಸರು ಆರತಿ ಹಿಡಿದು ಬಂದರು, ಗಂಡಸರು ಹಟ್ಟಮ್ಮನನ್ನು ಎತ್ತಿಕೊಂಡರು, ಇಡೀ ಊರು ಅವಳ ಹಿಂದೆ ಗುಡಿಗೆ ನಡೆಯಿತು. ನಾವಿಬ್ಬರೂ ಹೊಂಗೆ ಮರದ ಕೆಳಗೆ ಕಾರಿನ ಪಕ್ಕ ನಿಂತೆವು. ಪೂಜೆ ಮುಗಿಯಿತು. ಅಲ್ಲೇ ಎದುರಿಗಿದ್ದ ಮಾವನ ಮನೆಯ ಮುಂದೆ ಚಪ್ಪರ ಹಾಕಿದ್ದರು, ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು. ನಡೀರಿ ಮೇಡಂ, ನಿಮ್ಮ ಮನೆ ತಾನೇ ಎಂದು ನಾನು ತಿವಿದೆ. "ಕರೀಲಿ ತಡಿಯೇ" ಎಂದರು. ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ನಿಂತೇ ಇದ್ದರು. ಒಬ್ಬ ಹೆಂಗಸು ಮನೆಯ ಗೋಡೆಯ ಪಕ್ಕಕ್ಕೆ ಬಂದು ನಮ್ಮನ್ನೇ ನೋಡಿದಳು. ಗೌರಿ ಎಂದರು ಮೇಡಂ, ನನಗಲ್ಲ, ತಮಗೇ. ಆ ಹೆಂಗಸು ಒಳಗೆ ಹೋದಳು, ಮತ್ತೆ ಬರಲಿಲ್ಲ. ಜನ ಪಂಕ್ತಿಗೆ ಕೂತರು. ಮಾವ ಒಮ್ಮೆ ಚಪ್ಪರದಿಂದ ತಲೆ ಹೊರಹಾಕಿ ನಮ್ಮ ಕಡೆ ನೋಡಿ ಒಳಸರಿದ. ಬಿಸಿಲು ಮರದ ನೆರಳನ್ನು ದಾಟಿ ನಮ್ಮ ಕಾಲಿಗೆ ಬಂತು. ಕೊನೆಗೆ ಮೇಡಂ ಕಾರಿನ ಬಾಗಿಲು ತೆಗೆದರು. "ಹೋಗಾಣ ಬಾ" ಎಂದರು.

ನಾನು ದಾರಿಯುದ್ದಕ್ಕೂ ಆ ಹಟ್ಟಿಯ ಜನಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಕಿಟಕಿಯಿಂದ ಆಚೆ ನೋಡುತ್ತ ಕೂತಿದ್ದರು. ಹೊಸದುರ್ಗದ ಹೋಟೆಲಿನಲ್ಲಿ ತರಿಸಿದ ಊಟ ಹಾಗೇ ಉಳಿಯಿತು.

ಆಮೇಲೆ ಅವರು ಹಟ್ಟಿಯ ಹೆಸರೆತ್ತಲಿಲ್ಲ. ನಿವೃತ್ತಿಯಾಗುವ ತನಕ ಬಾಗಿಲು ಹಾಕಿಕೊಂಡು ಕಲ್ಲಿಗೆ ಬೆಳಕು ಹೊಡೆದರು. ನಿವೃತ್ತಿಯಾದ ಮೇಲೆ ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ಓಣಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಭಾನುವಾರ ನಾನು ಹೋಗುತ್ತಿದ್ದೆ. ಮನೆಯಲ್ಲಿ ಎಷ್ಟು ನಿಶ್ಶಬ್ದ ಎಂದರೆ ಫ್ಯಾನು ತಿರುಗುವುದು ಕೇಳುತ್ತಿತ್ತು. ಅಲ್ಲಿ ಆ ಟಿಕ್ ಸದ್ದೂ ಇಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಕೆಮ್ಮು ಶುರುವಾಗಿ ಮಲಗಿದಾಗ, ಹಟ್ಟಿಗೆ ಹೇಳಿ ಕಳಿಸಲಾ ಎಂದು ಕೇಳಿದೆ. ಬೇಡ ಎಂದರು. "ಹೇಳಿ ಕರೆಸ್ಕಂಡ್ರೆ ಅದು ಕರೆಯಾ?" ಎಂದರು. ಅದು ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು. ಮುಂದಿನ ಭಾನುವಾರದೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆಗ ನಾನೇ ಹೇಳಿ ಕಳಿಸಿದೆ. ಮಾವ ಬಂದ, ಹಟ್ಟಿಯ ಜನ ಬಂದರು. ಮುದುಕ ಆಸ್ಪತ್ರೆಯ ಬಾಗಿಲಲ್ಲೇ ಕುಸಿದು ಕೂತು, ನಮ್ಮ ಈರಿ, ನಮ್ಮ ಈರಿ ಎಂದು ಅತ್ತ. ಆ ಹೆಸರನ್ನು ಒಂದೇ ಒಂದು ಸಲ ಅವರ ಎದುರು ಕರೆದಿದ್ದರೆ ಏನಾಗುತ್ತಿತ್ತು ಎಂದು ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅವರನ್ನು ಹಟ್ಟಿಗೆ ಒಯ್ದು, ಅಪ್ಪ ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದರು. ಎಲ್ಲ ಮುಗಿದು ಜನ ಚದುರಿದ ಮೇಲೆ ಮಾವನ ಮನೆಯ ಜಗುಲಿಯಲ್ಲಿ ಆತನ ಹೆಂಡತಿ ಗೌರಕ್ಕ ನನ್ನ ಕೈಗೆ ನೀರಿನ ಚೊಂಬು ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ. ಹಟ್ಟಮ್ಮನನ್ನು ತಂದ ದಿನ ಮೇಡಂ ಬಿಸಿಲಲ್ಲಿ ನಿಂತೇ ಇದ್ದರು, ಒಬ್ಬರಾದರೂ ಊಟಕ್ಕೆ ಬಾ ಅನ್ನಲಿಲ್ಲವಲ್ಲ, ಈಗ ಯಾರಿಗೆ ಈ ಉಪಚಾರ ಎಂದು ಕೇಳಿಯೇಬಿಟ್ಟೆ.

ಗೌರಕ್ಕ ಚೊಂಬನ್ನು ಕೆಳಗಿಟ್ಟಳು. "ಮನೆಮಗಳನ್ನ ಯಾರವ್ವ ಕರೀತಾರೆ? ನೆಂಟ್ರನ್ನ ಕರೀತಾರೆ. ನಾನು ಮನಸು ತಡಿದೆ ಕರಿಯಾಕೆ ಅಂತ್ಲೇ ಗೋಡೆ ಮಗ್ಗುಲಿಗೆ ಬಂದಿದ್ದೆ. ನಮ್ಮನೆಯೋರು ನಿಮ್ಮ ಆಫೀಸಿನಾಗೆ ಈರಿ ಅನ್ನಾಕೆ ಅಂಜಿ ಮೇಡಮ್ಮಾರೆ ಅಂದಿದ್ರಂತೆ, ಇಲ್ಲಿ ಕರಿಯಾದು ಬೇಡ ಅಂದ್ರು. ಕರುದ್ರೆ ಅವಳು ಹೊರಗಿನೋಳು ಆಗಿಬಿಡ್ತಾಳೆ, ಅವಳ ಮನೆ, ತಾನಾಗೇ ಒಳಗೆ ಬರ್ಲಿ ಬಿಡು ಅಂದ್ರು. ಕಾರ್ ಹೋತು. ಅವಳಿಗೆ ನಾವು ಬ್ಯಾಡಾದ್ವಿ ಅಂತ ಅವರು ಅವತ್ತು ಉಣ್ಣಲೇ ಇಲ್ಲ."

ಜಗುಲಿಯ ಒಂದು ಜಾಗವನ್ನು ಅಂಗೈಯಿಂದ ಸವರಿದಳು.

"ಇಲ್ಲಿ ಎಲೆ ಹಾಕಿದ್ವಿ ಅವಳಿಗೆ. ನನ್ನ ಪಕ್ಕಕ್ಕೆ. ಬಡಿಸಿದ್ದು ಬಡಿಸಿದಂಗೇ ಇತ್ತು, ಸಂಜಿ ತಂಕ ಯಾರೂ ಎತ್ತಲಿಲ್ಲ."

ನಾನು ತಲೆ ಎತ್ತಿದೆ. ಅಂದು ನಾವು ಕಾರು ನಿಲ್ಲಿಸಿದ್ದ ಹೊಂಗೆ ಮರ ಅಲ್ಲೇ ಎದುರಿಗಿತ್ತು. ಅಲ್ಲಿಂದ ಈ ಜಗುಲಿಗೆ, ಮೆಲ್ಲಗೆ ಮಾತಾಡಿದರೂ ಕೇಳಿಸುವಷ್ಟೇ ದೂರ.